ನಾನು ಬಿಸಾಡದ ಮಾತ್ರೆ

ಕುಕ್ಕುಂದೂರು
18 ನವೆಂಬರ್ 2024

ಅಕ್ಕ,

ಬಿಸಾಡಲಿಲ್ಲ. ಒಂದನ್ನೂ ಬಿಸಾಡಲಿಲ್ಲ. ನೀನು ವಾರ ವಾರ ಬಸ್ಸಿನಲ್ಲಿ ಕಳಿಸಿದ ಡಬ್ಬಿಯಲ್ಲಿ ಎಷ್ಟಿತ್ತೋ ಅಷ್ಟೂ ನನ್ನ ಹೊಟ್ಟೆಗೇ ಹೋಗಿದೆ. ಬೇಕಾದರೆ ದೊಡ್ಡಮ್ಮನನ್ನು ಕೇಳು. ಊಟ ಆದ ಮೇಲೆ ಅವರು ಎದುರು ನಿಂತು ನಾಲಿಗೆ ಎತ್ತಿಸಿ ನೋಡುತ್ತಾರೆ, ಪೊಲೀಸರ ಹಾಗೆ. ಆಸ್ಪತ್ರೆಯ ವಾರ್ಡಿನಲ್ಲಿ ಅಪ್ಪನ ಎದುರು, ರೋಸಿ ಬಾಯಿಯ ಮಗ ಎಡ್ಮಂಡಣ್ಣನ ಎದುರು, ಇವ ಮಾತ್ರೆ ಬಿಸಾಡುತ್ತಾನೆ ಅಂತ ನೀನು ಹೇಳಿದ್ದು ಸುಳ್ಳು. ಆಗ ನನ್ನ ನಾಲಿಗೆ ಕಚ್ಚಿ ಊದಿಕೊಂಡಿತ್ತು. ಇಲ್ಲದಿದ್ದರೆ ಅಲ್ಲೇ ಹೇಳುತ್ತಿದ್ದೆ.

ಫೋನ್ ಎತ್ತುವುದಿಲ್ಲ ಅಂತ ದೂರು ಹೇಳಿದೆಯಂತೆ. ಹೌದು, ಎತ್ತುವುದಿಲ್ಲ. ಫೋನಿನಲ್ಲಿ ನಾನು ಒಂದು ಶಬ್ದ ಹುಡುಕುವಷ್ಟರಲ್ಲಿ ನನ್ನ ಮಾತನ್ನು ನೀನೇ ಮುಗಿಸುತ್ತೀ. ಅದೂ ತಪ್ಪು ಮುಗಿಸುತ್ತೀ. ಕಾಗದದಲ್ಲಿ ನಿನಗೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ ಪತ್ರ ಬೇರೆ ಬರೆಯುತ್ತಾನಾ ಅಂತ ನಗಬೇಡ. ಎರಡು ದಿನ ಕೂತು ಬರೆದದ್ದು. ಯಶ್ವಂತಣ್ಣ ಕಂಡಕ್ಟರ್ ಮಣಿಪಾಲದಲ್ಲಿ ಇಳಿದು ನೀನು ಕೆಲಸ ಮಾಡುವ ಮೆಡಿಕಲ್ ಅಂಗಡಿಯಲ್ಲಿ ಕೊಡುತ್ತಾನೆ, ಮಾತ್ರೆ ಡಬ್ಬಿ ಬಂದ ಹಾಗೆಯೇ.

ಎಂಟನೇ ತಾರೀಕು ಆದದ್ದು ಇಷ್ಟು. ಬೆಳಗ್ಗಿನ ಟ್ರಿಪ್, ಕಾರ್ಕಳದಿಂದ ಉಡುಪಿಗೆ. ನಾನು ಕ್ಲೀನರ್, ನನ್ನ ಜಾಗ ಬಾಗಿಲು. ಆತ್ರಾಡಿಯಲ್ಲಿ ರೋಸಿ ಬಾಯಿ ಬಸಳೆ ಕಟ್ಟು ಹಿಡಿದುಕೊಂಡು ಹತ್ತಿದರು. ಕಟ್ಟನ್ನು ಸೀಟಿನ ಅಡಿ ಹಾಕಿ ನಾನು ಎರಡು ವಿಸಿಲ್ ಊದಿದೆ. ಬಸ್ ಹೊರಟಿತು. ಆಮೇಲೆ ಕೊಬ್ಬರಿ ಸುಟ್ಟ ವಾಸನೆ ಬಂತು. ಒಂಬತ್ತನೇ ಕ್ಲಾಸಿನಿಂದಲೂ ನನಗೆ ಫಿಟ್ಸ್ ಬರುವ ಮೊದಲು ಅದೇ ವಾಸನೆ. ಕಂಬಿ ಗಟ್ಟಿ ಹಿಡಿಯಬೇಕು ಅಂತ ಎಣಿಸಿದ್ದು ನೆನಪುಂಟು, ಹಿಡಿದದ್ದು ನೆನಪಿಲ್ಲ. ಎದುರು ಸೀಟಿನಲ್ಲಿದ್ದ ರೋಸಿ ಬಾಯಿ ನನ್ನ ಅಂಗಿ ಹಿಡಿದು ಎಳೆದರಂತೆ. ನಾನು ಎಪ್ಪತ್ತು ಕಿಲೋ, ಅವರು ನಲವತ್ತು ಇರಬಹುದು. ಇಬ್ಬರೂ ರಸ್ತೆಗೆ. ನನಗೆ ಹಣೆಯಲ್ಲಿ ಏಳು ಹೊಲಿಗೆ, ಅವರ ಸೊಂಟದ ಮೂಳೆ ಮುರಿದುಹೋಯ್ತು.

ಎಚ್ಚರ ಆಗುವಾಗ ನನ್ನ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು. ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅಂತ ಯಾರೋ ತುರುಕಿಸಿದ್ದಾರೆ. ಅದರಲ್ಲಿ ಒಂದು ಬೈಕಿನ ಕೀ ಉಂಟು. ಯಾವ ಮಹಾನುಭಾವ ಅವತ್ತು ಬೈಕ್ ತಳ್ಳಿಕೊಂಡು ಮನೆಗೆ ಹೋದನೋ ಗೊತ್ತಿಲ್ಲ.

ಬಸ್ ಧಣಿ ಹೇಳಿ ಕಳಿಸಿದ್ದಾರೆ, ಇನ್ನು ಬರುವುದು ಬೇಡ ಅಂತ. ಅದನ್ನು ಕೇಳಿಸಿಕೊಂಡೆ. ಆದರೆ ಕೈಗೆ ಸಿಕ್ಕಿದ ಮಾತ್ರೆ ಬಿಸಾಡಿ ಒಂದು ಮುದುಕಿಯ ಸೊಂಟ ಮುರಿದವ ಅಂತ ಅಪ್ಪ ನನ್ನನ್ನು ನೋಡುತ್ತಾರಲ್ಲ, ಅದನ್ನು ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ. ನೀನು ಕಾಪುವಿಗೆ ಹೋಗಿ ಅಪ್ಪನಿಗೆ ಹೇಳು. ಎಡ್ಮಂಡಣ್ಣನಿಗೂ ಹೇಳು. ತಮ್ಮ ಬಿಸಾಡಲಿಲ್ಲ ಅಂತ ಹೇಳು. ಅಷ್ಟು ಸಾಕು.

ಯೋಗೀಶ


ಅಲೆವೂರು
25 ನವೆಂಬರ್ 2024

ಪ್ರೀತಿಯ ಯೋಗಿ,

ನಿನ್ನ ಪತ್ರ ಓದಿದೆ. ಅವತ್ತು ನಾನು ತುಂಬಾ ಹೆದರಿದ್ದೆ. ಎಡ್ಮಂಡ್ ಅವರು ಹಾಗೆ ಬೊಬ್ಬೆ ಹಾಕುವಾಗ ಏನು ಹೇಳಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಆದದ್ದು ಆಯಿತು. ಅಪ್ಪನಿಗೆ ಈಗ ಮತ್ತೆ ಅದನ್ನೆಲ್ಲ ಹೇಳಿ ತಲೆಬಿಸಿ ಮಾಡುವುದು ಬೇಡ. ಅಮ್ಮನಿಗೂ ಬಿಪಿ ಜಾಸ್ತಿಯಾಗಿದೆ.

ಈ ವಾರದ್ದು ಹೊಸ ಡಬ್ಬಿ ಕಳಿಸಿದ್ದೇನೆ. ಆಗಸ್ಟಿನಿಂದ ಬೇರೆ ಕಂಪೆನಿಯದ್ದು ಅಂತ ರಾತ್ರಿಯ ಮಾತ್ರೆಯ ಬಣ್ಣ ಬದಲಾಗಿತ್ತಲ್ಲ, ಈಗ ಮತ್ತೆ ಮೊದಲಿನ ಹಾಗೆ ಇರುತ್ತದೆ, ಹಳೆಯ ಕಂಪೆನಿಯ ಮಾಲು ಬಂದಿದೆ. ಹಳೆಯ ಡಬ್ಬಿಯಲ್ಲಿ ನೀನು ಆಸ್ಪತ್ರೆಯಲ್ಲಿದ್ದ ದಿನಗಳದ್ದು ಉಳಿದಿರಬೇಕು. ಅದನ್ನು ತೆಗೆದುಕೊಳ್ಳಬೇಡ. ಹಾಗೆಯೇ ಯಶ್ವಂತ್ ಹತ್ತಿರ ವಾಪಸ್ ಕಳಿಸು, ಮರೆಯಬೇಡ.

ನೀನು ಇಲ್ಲಿಗೇ ಬಂದು ಇರು. ಭಾವನೂ ಅದನ್ನೇ ಹೇಳುತ್ತಾರೆ. ನನ್ನ ಕಣ್ಣೆದುರು ಇದ್ದರೆ ನನಗೆ ಸಮಾಧಾನ. ಮಗಳು ಶ್ರೇಯಾ, ಮಾಮ ಎಲ್ಲಿ ಅಂತ ದಿನಾ ಕೇಳುತ್ತಾಳೆ.

ನಿನ್ನ ಅಕ್ಕ
ದೀಕ್ಷಿತಾ


ಕುಕ್ಕುಂದೂರು
14 ಡಿಸೆಂಬರ್ 2024

ಅಕ್ಕ,

ಡಬ್ಬಿ ಕಳಿಸಲಿಲ್ಲ. ಯಾಕೆಂದರೆ ಎಲ್ಲಿಟ್ಟೆ ಅಂತ ನೆನಪಾಗಲಿಲ್ಲ. ಈಗ ಸಿಕ್ಕಿತು, ಅಕ್ಕಿ ಡ್ರಮ್ಮಿನ ಮೇಲಿತ್ತು. ಕಳಿಸುತ್ತೇನೆ ನಿಧಾನಕ್ಕೆ, ಎಂತ ಅರ್ಜೆಂಟ್.

ಮೊನ್ನೆ ಆತ್ರಾಡಿಗೆ ಹೋಗಿದ್ದೆ. ಇಳಿದದ್ದು ಅದೇ ಜಾಗದಲ್ಲಿ. ರೋಸಿ ಬಾಯಿಯ ಮನೆ ರಸ್ತೆಯಿಂದ ಒಳಗೆ. ಎಡ್ಮಂಡಣ್ಣ ಜಗಲಿಯಲ್ಲೇ ತಡೆದ.

"ಎಂತಕ್ಕೆ ಬಂದದ್ದು?"

"ಬಾಯಿಯನ್ನು ನೋಡಲಿಕ್ಕೆ."

"ನೋಡಿ ಎಂತ ಮಾಡ್ತೀ? ಮಾತ್ರೆ ತಿನ್ನು ಅಂದ್ರೆ ತಿನ್ನಲಿಕ್ಕೆ ಆಗಲ್ಲ ನಿನಗೆ. ನಿನ್ನ ಅಕ್ಕನೇ ಹೇಳಿದ್ದು."

ನಾನು ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಒಂದು ಶಬ್ದ ಬೇಕಿತ್ತು, ಸಿಗಲಿಲ್ಲ. ನಿಂತೆ. ಅವನಿಗೆ ಅದು ತಪ್ಪು ಒಪ್ಪಿದ ಹಾಗೆ ಕಂಡಿರಬೇಕು. ಅಷ್ಟರಲ್ಲಿ ಒಳಗಿನಿಂದ ರೋಸಿ ಬಾಯಿಯ ಸ್ವರ: "ಯಾರದು, ನಮ್ಮ ಬಸ್ಸಿನ ಪುತಾನಾ? ಒಳಗೆ ಕಳಿಸು ಅವನನ್ನ. ನನ್ನ ಮೇಲೆ ಬಿದ್ದವ, ನನ್ನತ್ರ ಮಾತಾಡಿ ಹೋಗಲಿ." ಪುತಾ ಅಂದರೆ ಅವರ ಕೊಂಕಣಿಯಲ್ಲಿ ಮಗ, ಬಸ್ಸಿನಲ್ಲೂ ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ.

ಮಲಗಿದಲ್ಲೇ ಇದ್ದಾರೆ. ಆಪರೇಷನ್ ಆಗಿದೆ, ಆದರೆ ಎಬ್ಬಿಸಿ ಕೂರಿಸಿದರೆ ತಲೆ ತಿರುಗುತ್ತದಂತೆ. ಕೈ ಎಲ್ಲ ಬಸಳೆ ದಂಟಿನಷ್ಟೇ ಆಗಿದೆ. ನನ್ನ ಹಣೆ ಮುಟ್ಟಿ ನೋಡಿದರು.

"ಏಳು ಹೊಲಿಗೆಯಾ? ನನಗೆ ಹದಿನಾಲ್ಕು. ಡಬಲ್ ಚಾರ್ಜ್ ನನ್ನದು."

ನಾನು ನಗಲಿಲ್ಲ.

"ಎಂತ ಪುತಾ, ಬಾಯಿ ಎಲ್ಲಿಟ್ಟು ಬಂದಿ? ದಿನಾ ಬೆಳಿಗ್ಗೆ ನನ್ನ ತಲೆ ತಿಂತಿದ್ದೆಯಲ್ಲ. ಬಸಳೆಗೆ ಅರ್ಧ ಟಿಕೆಟ್, ಬಾಯಿಗೆ ಫುಲ್ ಟಿಕೆಟ್ ಅಂತ."

ಆ ಮಾತು ಕೇಳಿ ನನಗೆ ಹೇಗಾಯ್ತು ಅಂತ ನಿನಗೆ ಹೇಳಬೇಕು. ಆಗಸ್ಟಿನಿಂದ ಅಕ್ಟೋಬರ್ ತನಕ ನಾನು ಮನುಷ್ಯನಾಗಿದ್ದೆ ಅಕ್ಕ. ಎರಡು ವರ್ಷದ ಹಿಂದೆ ಡಾಕ್ಟ್ರು ಈ ಮಾತ್ರೆಗೆ ಬದಲಾಯಿಸಿದ ಮೇಲೆ ಫಿಟ್ಸ್ ನಿಂತಿತು, ಒಪ್ಪುತ್ತೇನೆ. ಮೊದಲಿನ ಮಾತ್ರೆಯಲ್ಲಿ ಕಂಡವರಿಗೆಲ್ಲ ಹೊಡೆಯಲು ಹೋಗುತ್ತಿದ್ದೆ, ಅದೂ ನಿಂತಿತು. ಆದರೆ ಜೊತೆಗೆ ತಲೆಯೂ ನಿಂತಿತು. ಜೋಡುರಸ್ತೆ, ಬೈಲೂರು, ಹಿರಿಯಡ್ಕ, ಆತ್ರಾಡಿ, ಪರ್ಕಳ. ದಿನಕ್ಕೆ ಆರು ಸಲ ಕೂಗುವ ಹೆಸರು. ಹಿರಿಯಡ್ಕ ಆದ ಮೇಲೆ ಎಂತ ಅಂತ ನನಗೆ ಬರುತ್ತಿರಲಿಲ್ಲ. ಜನ ಬಾಗಿಲಲ್ಲಿ ನಿಂತು ಕೇಳುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಯಶ್ವಂತಣ್ಣ ಹಿಂದಿನಿಂದ ಕೂಗಿ ನನ್ನ ಮರ್ಯಾದೆ ಉಳಿಸುತ್ತಿದ್ದ.

ಜುಲೈಯಲ್ಲಿ ನಿನ್ನ ಮನೆಯಲ್ಲಿ ಶ್ರೇಯಾಳನ್ನು ಕರೆಯಲಿಕ್ಕೆ ಹೋಗಿ ಹೆಸರು ಬಾರದೆ ಏ, ಏ ಅಂತ ನಿಂತೆನಲ್ಲ. ಅವಳು ಮೊದಲು ಆಟ ಅಂತ ನಕ್ಕಳು, ಮತ್ತೆ ಅತ್ತಳು. ಅವತ್ತು ನಿನ್ನ ಹತ್ತಿರ ಹೇಳಿದ್ದೆ, ಫಿಟ್ಸ್ ಬಂದರೂ ಅಡ್ಡಿಯಿಲ್ಲ ಅಕ್ಕ, ಇದು ಬೇಡ ಅಂತ. ನೀನು ಸಿಂಕಿನ ಹತ್ತಿರ ಹೋಗಿ ಪಾತ್ರೆ ತೊಳೆದೆ.

ಆಮೇಲೆ ತನ್ನಷ್ಟಕ್ಕೇ ಸರಿಯಾಯ್ತು. ದೇಹಕ್ಕೆ ಅಭ್ಯಾಸ ಆಯ್ತು ಅಂತ ಎಣಿಸಿದೆ. ಮೂರು ತಿಂಗಳು ನಾನು ಕೂಗಿದ ಕೂಗಿಗೆ ಪರ್ಕಳದ ಜನ ಮನೆಯಿಂದಲೇ ಓಡಿ ಬರುತ್ತಿದ್ದರು. ಈಗ ಆಸ್ಪತ್ರೆಯಿಂದ ಬಂದ ಮೇಲೆ ಪುನಃ ಹೋಯ್ತು. ಈ ಪತ್ರಕ್ಕೆ ನಾಲ್ಕು ದಿನ ಹಿಡಿದಿದೆ.

ನೀನು ಎಡ್ಮಂಡಣ್ಣನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ?

ಯೋಗೀಶ


ಕುಕ್ಕುಂದೂರು
20 ಜನವರಿ 2025

ಅಕ್ಕ,

ಇವತ್ತು ಮಣಿಪಾಲಕ್ಕೆ ಹೋಗಿದ್ದೆ, ಚೆಕಪ್ ಇತ್ತಲ್ಲ. ನೀನು ಮೆಡಿಕಲ್‌ನಲ್ಲಿ ಸ್ಟಾಕ್ ಚೆಕ್ ಉಂಟು, ಬರಲಿಕ್ಕಾಗುವುದಿಲ್ಲ ಅಂದೆ. ಒಳ್ಳೆಯದಾಯ್ತು. ದೊಡ್ಡಮ್ಮನ ಜೊತೆ ಹೋದೆ. ಚೀಟಿಯೆಲ್ಲ ಕಳೆದುಹಾಕುತ್ತೇನೆ ಅಂತ ಅವರು ಎರಡೂ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದರು.

ಅಲ್ಲಿ ಸಿಸ್ಟರ್ ಝೀಟಾ ಅಂತ ಇದ್ದಾರೆ. ತಿನ್ನುವ ಮಾತ್ರೆ ತೋರಿಸಿ ಅಂದರು. ಎರಡೂ ಡಬ್ಬಿ ಮೇಜಿನ ಮೇಲೆ ಇಟ್ಟೆ. ಹಳೆಯದರಿಂದ ರಾತ್ರಿಯ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಪುನಃ ನೋಡಿದರು.

"ಇದು ಐವತ್ತರದ್ದಲ್ವಾ. ನಿಮ್ಮ ಚೀಟಿಯಲ್ಲಿ ನೂರು ಉಂಟು. ಯಾವಾಗಿನಿಂದ ತಿಂತಿದ್ರಿ ಇದನ್ನು?"

"ಆಗಸ್ಟಿನಿಂದ. ಕಂಪೆನಿ ಬದಲಾಗಿದೆ ಅಂತ..."

"ಕಂಪೆನಿ ಅದೇ. ಮಾತ್ರೆ ಅರ್ಧದ್ದು. ಯಾರು ಕೊಟ್ಟದ್ದು?"

ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಹೇಳಲಿಲ್ಲ. ಶಬ್ದ ಸಿಗದೆ ಅಲ್ಲ ಈ ಸಲ. ಸಿಕ್ಕಿತ್ತು.

ಡಾಕ್ಟ್ರ ಹತ್ತಿರ ಮಾತು ಹೋದದ್ದನ್ನು ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ, ಅವರು ಕಾದರು. ಅವರು ಹಳೆಯ ಚೀಟಿಗಳನ್ನೆಲ್ಲ ತಿರುಗಿಸಿ ಕೇಳಿದರು: "ಎರಡು ವರ್ಷದಿಂದ ಹೀಗಾ? ನಾನು ಪ್ರತೀ ಸಲ ಕೇಳಿದ್ದೇನೆ. ಪ್ರತೀ ಸಲ ತೊಂದರೆ ಇಲ್ಲ ಅಂತ ಬರೆದದ್ದುಂಟು."

ಯಾರು ಹೇಳಿದ್ದು ತೊಂದರೆ ಇಲ್ಲ ಅಂತ? ನಾನು ಬಾಯಿ ತೆರೆಯುವ ಮೊದಲು, ಫಿಟ್ಸ್ ಬಂದಿಲ್ಲ ಸರ್, ಆರಾಮ ಇದ್ದಾನೆ ಸರ್ ಅಂತ ಯಾರು ಹೇಳಿದ್ದು? ನೀನು. ಪ್ರತೀ ಸಲ ನೀನು. ಈ ಮಾತ್ರೆ ಕೆಲವರಿಗೆ ಮಾತು ನಿಧಾನ ಮಾಡುತ್ತದೆ, ನೆನಪನ್ನೂ ಸ್ವಲ್ಪ ಮಂದ ಮಾಡುತ್ತದೆ, ಕಾಯಿಲೆಯಿಂದಲೂ ಹಾಗಾಗುವುದುಂಟು, ಮೊದಲೇ ಹೇಳಿದ್ದರೆ ನಿಧಾನಕ್ಕೆ ಬೇರೆ ಮಾತ್ರೆಗೆ ಹೋಗಿ ನೋಡಬಹುದಿತ್ತು ಅಂದರು ಡಾಕ್ಟ್ರು. ಈಗ ಫಿಟ್ಸ್ ಬಂದದ್ದರಿಂದ ತಕ್ಷಣ ಮುಟ್ಟುವುದಿಲ್ಲ. ಏಪ್ರಿಲ್‌ಗೆ ಬರಲಿಕ್ಕೆ ಹೇಳಿದ್ದಾರೆ.

ಅರ್ಧ ಮಾಡಿದ್ದರಿಂದಲೇ ಬಂತಾ ಅಂತ ಕೇಳಿದೆ. ಅದೇ ಕಾರಣ ಅಂತ ಬರೆದುಕೊಡಲಿಕ್ಕೆ ಆಗುವುದಿಲ್ಲ, ಆದರೆ ಡಾಕ್ಟ್ರನ್ನು ಕೇಳದೆ ಮಾಡಬಾರದಿತ್ತು ಅಂದರು.

ಈಗ ನೀನು ಹೇಳು. ಬಿಸಾಡಿದ್ದು ಯಾರು?

ಯೋಗೀಶ


ಅಲೆವೂರು
2 ಫೆಬ್ರವರಿ 2025

ಯೋಗಿ,

ಹನ್ನೆರಡು ದಿನದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ.

ಹೌದು, ನಾನೇ ಬದಲಾಯಿಸಿದ್ದು. ಆ ದಿನ ನೀನು ಶ್ರೇಯಾಳ ಹೆಸರು ಹುಡುಕುತ್ತಾ ನಿಂತದ್ದನ್ನು ನೋಡಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ನೀನೇ ಬೇಡ ಅಂದಿದ್ದೆ. ಡಾಕ್ಟರಿಗೆ ಹೇಳಿದರೆ ಮಾತ್ರೆಯನ್ನೇ ಬದಲಾಯಿಸಿ, ಮತ್ತೆ ಫಿಟ್ಸ್ ಶುರುವಾಗಿ, ನಿನ್ನ ಕೆಲಸವೂ ಹೋಗಿ, ಅಂತೆಲ್ಲ ಯೋಚನೆ. ಆರು ವರ್ಷದಿಂದ ಮಾತ್ರೆ ಕೊಡುವ ಕೆಲಸ ಮಾಡುತ್ತಿದ್ದೇನೆ, ರಾತ್ರಿಯದ್ದು ಮಾತ್ರ ಅರ್ಧ ಮಾಡಿದರೆ ಏನೂ ಆಗಲಿಕ್ಕಿಲ್ಲ ಅಂತ ಎಣಿಸಿದೆ. ಗೊತ್ತಾದರೆ ನೀನು ಹೆದರುತ್ತೀ ಎಂದು ಹೇಳಲಿಲ್ಲ.

ಆಮೇಲೆ ನೀನು ನವರಾತ್ರಿಗೆ ಬಂದಾಗ ಊಟಕ್ಕೆ ಕೂತು ಭಾವನನ್ನು ನಗಿಸಿ ನಗಿಸಿ ನೀರು ನೆತ್ತಿಗೇರಿಸಿದ್ದೆ. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ನನ್ನ ತಮ್ಮ ವಾಪಸ್ ಬಂದ ಅಂತ ಎಣಿಸಿದೆ. ಅದು ಸುಳ್ಳಲ್ಲ ಯೋಗಿ.

ವಾರ್ಡಿನಲ್ಲಿ ಹೇಳಿದ್ದು ನೆನಪಿಲ್ಲ ಅಂತ ಬರೆದದ್ದು ಸುಳ್ಳು. ನೆನಪುಂಟು.

ಈಗ ಇದನ್ನು ಹೊರಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಎಡ್ಮಂಡ್ ಅವರು ಕಂಪ್ಲೇಂಟ್ ಕೊಟ್ಟರೆ ಮೆಡಿಕಲ್‌ನವರಿಗೂ ತೊಂದರೆ. ರೋಸಿ ಬಾಯಿ ಗುಣವಾಗುತ್ತಿದ್ದಾರೆ ಅಂತ ಯಶ್ವಂತ್ ಹೇಳಿದ. ಅವರು ಎದ್ದು ನಡೆದಾಡಲಿ. ಆಮೇಲೆ ನಾನೇ ಹೋಗಿ ಹೇಳುತ್ತೇನೆ. ಅಷ್ಟು ಸಮಯ ಕೊಡು.

ದೀಕ್ಷಿತಾ


ಕುಕ್ಕುಂದೂರು
3 ಮಾರ್ಚ್ 2025

ಅಕ್ಕ,

ರೋಸಿ ಬಾಯಿ ತೀರಿಕೊಂಡರು. ಮಲಗಿದಲ್ಲೇ ಇದ್ದು ಎದೆಯಲ್ಲಿ ಕಫ ಕಟ್ಟಿತಂತೆ. ಶುಕ್ರವಾರ. ನಿನಗೆ ಯಶ್ವಂತಣ್ಣ ಹೇಳಿರಬೇಕು. ನೀನು ಬರುತ್ತೀ ಅಂತ ನಾನು ಚರ್ಚಿನ ಗೇಟಿನ ಹತ್ತಿರ ನಿಂತಿದ್ದೆ.

ಇಗರ್ಜಿಯಲ್ಲಿ ಹಿಂದೆ ಕೂತೆ. ಮಣ್ಣು ಹಾಕಿ ಆದ ಮೇಲೆ ಜನ ಒಬ್ಬೊಬ್ಬರೇ ಹೋಗಿ ಎಡ್ಮಂಡಣ್ಣನ ಕೈ ಹಿಡಿಯುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ಹಿಂದಿನ ದಿನದಿಂದ ಒಂದೇ ಮಾತನ್ನು ಬಾಯಿಪಾಠ ಮಾಡಿದ್ದೆ. ನನ್ನ ಸರದಿ ಬಂತು. ಅವನು ಕೈ ಕೊಡಲಿಲ್ಲ, ಹೋಗಲಿಕ್ಕೂ ಹೇಳಲಿಲ್ಲ.

"ಹೇಳು," ಅಂದ.

ಎದುರು ಅವನ ಮುಖ, ರೋಸಿ ಬಾಯಿಯದ್ದೇ ಮೂಗು. ನಾನು ಹುಡುಕಿದೆ. ಇಡೀ ತಲೆಯೊಳಗೆ ಹುಡುಕಿದೆ. ಹಿಂದಿನವರು ಕೆಮ್ಮಿದರು.

"ಹೇಳು ಮಾರಾಯ, ಎಂತ ಹೇಳ್ಬೇಕು ನಿನಗೆ?"

ಬರಲಿಲ್ಲ. ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುವ ಶಬ್ದ ಅದು, ಕ್ಷಮೆ ಕೇಳುವುದು. ಬರಲಿಲ್ಲ. ಅವನು ನನ್ನನ್ನು ದಾಟಿ ಹಿಂದಿನವರ ಕೈ ಹಿಡಿದ.

ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಬಂತು, ಸಲೀಸಾಗಿ. ಯಾರಿಗೆ ಹೇಳಲಿ?

ಎದ್ದು ನಡೆದಾಡಲಿ, ಆಮೇಲೆ ಹೇಳುತ್ತೇನೆ ಅಂದೆಯಲ್ಲ. ಇನ್ನು ಯಾವಾಗ?

ಯೋಗೀಶ


ಅಲೆವೂರು, ನಿನ್ನ ಊಟದ ಮೇಜು
3 ಏಪ್ರಿಲ್ 2025

ಅಕ್ಕ,

ನೀನು ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೀ. ಭಾವ ಶ್ರೇಯಾಳನ್ನು ಶಾಲೆಗೆ ಬಿಡಲು ಹೋದರು. ನಾನು ಇಲ್ಲಿ ಅವಳ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ನಿನ್ನೆ ಬಂದದ್ದು ಎರಡು ಕಾರಣಕ್ಕೆ. ಇವತ್ತು ಆಸ್ಪತ್ರೆಯ ದಿನ. ಮತ್ತೆ ನಿನ್ನ ಬಾಯಿಯಿಂದ ಕೇಳಲಿಕ್ಕೆ, ಎಡ್ಮಂಡಣ್ಣನ ಹತ್ತಿರ ಯಾವಾಗ ಹೋಗುತ್ತೀ ಅಂತ.

ಕೇಳಿದೆ. ನೀನು ಹೇಳಿದ್ದು: "ಸತ್ತವರು ಸತ್ತರು, ಈಗ ಹೇಳಿದ್ರೆ ಯಾರಿಗೆ ಲಾಭ ಉಂಟು ಹೇಳು? ನಿನ್ನನ್ನಂತೂ ಎಲ್ಲರೂ ಕಾಯಿಲೆಯವ ಅಂತ ಬಿಟ್ಟುಬಿಟ್ಟಿದ್ದಾರೆ. ನನ್ನನ್ನು ಬಿಡ್ತಾರಾ?"

ನಿನ್ನೆ ಉತ್ತರ ಬರಲಿಲ್ಲ. ಈಗ ಬರೆಯುತ್ತೇನೆ. ನನ್ನನ್ನು ಯಾರೂ ಬಿಟ್ಟಿಲ್ಲ. ಕಾಪುವಿನಲ್ಲಿ ಅಪ್ಪ ಬಲೆ ಹೆಣೆಯುವಾಗ ನಾನು ಹತ್ತಿರ ಕೂತರೆ ಎದ್ದು ಹೋಗುತ್ತಾರೆ. ಆತ್ರಾಡಿಯಲ್ಲಿ ಬಸ್ ನಿಂತರೆ ನಾನು ಸೀಟಿನ ಅಡಿ ತಲೆ ಹಾಕುತ್ತೇನೆ. ಮುದುಕಿಯನ್ನು ಕೊಂದವ ಅಂತ ಅಲ್ಲಿ ನನಗೆ ಹೆಸರು. ಅದು ನೀನು ಇಟ್ಟ ಹೆಸರು. ನನ್ನ ಮಾತು ಹೋಗಿರುವುದರಿಂದ ಅದನ್ನು ಅಳಿಸಲು ನನಗೆ ಆಗುವುದಿಲ್ಲ. ನಾನು ಹೇಳಿದರೆ ಯಾರು ನಂಬುತ್ತಾರೆ? ತಪ್ಪಿಸಿಕೊಳ್ಳಲಿಕ್ಕೆ ಅಕ್ಕನ ಮೇಲೆ ಹಾಕುತ್ತಾನೆ ಅನ್ನುತ್ತಾರೆ. ನಿನ್ನ ಬಾಯಿಯಿಂದಲೇ ಬರಬೇಕು. ನಿನ್ನದು ಸರಿ ಉಂಟಲ್ಲ.

ಅರ್ಧ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ನಂಬಿದರೆ ನಂಬು. ಆ ಮೂರು ತಿಂಗಳು ನೀನು ನನಗೆ ಕೊಟ್ಟದ್ದು. ಅದಕ್ಕಾಗಿ ನಾನು ನಿನ್ನ ಕಾಲು ಹಿಡಿಯುತ್ತಿದ್ದೆ. ಆದರೆ ಅದರ ಬೆಲೆಯನ್ನು ರೋಸಿ ಬಾಯಿ ಕೊಟ್ಟರು, ಅಪವಾದವನ್ನು ನಾನು ಹೊತ್ತೆ, ನೀನು ವಾರಕ್ಕೊಂದು ಡಬ್ಬಿ ತುಂಬಿಸುತ್ತಾ ಕೂತೆ.

ಇನ್ನು ನಿನ್ನ ಡಬ್ಬಿ ಬೇಡ. ಚೀಟಿ ನನ್ನ ಜೇಬಿನಲ್ಲಿ ಉಂಟು. ಮಾತ್ರೆ ನಾನೇ ತರುತ್ತೇನೆ, ಕಾರ್ಕಳದಲ್ಲಿ. ಪೂರ್ತಿ ತಿನ್ನುತ್ತೇನೆ, ತಲೆ ಮರಗಟ್ಟಿದರೂ ತಿನ್ನುತ್ತೇನೆ. ಇನ್ನೊಬ್ಬರು ನನ್ನ ಅಂಗಿ ಹಿಡಿಯಲಿಕ್ಕೆ ಬರುವುದು ಬೇಡ. ಇವತ್ತು ಡಾಕ್ಟ್ರು ಹೊಸ ಮಾತ್ರೆ ಸ್ವಲ್ಪ ಸ್ವಲ್ಪ ಶುರುಮಾಡಿ ಇದನ್ನು ಸ್ವಲ್ಪ ಸ್ವಲ್ಪ ಇಳಿಸಬಹುದು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಮಾತು ಬರಬಹುದು, ಬಾರದೆಯೂ ಇರಬಹುದು, ನಡುವೆ ಫಿಟ್ಸ್ ಬರಬಹುದು. ಅದನ್ನೆಲ್ಲ ಅವರು ಜನವರಿಯಲ್ಲೇ ಹೇಳಿದ್ದಾರೆ. ಯಾವುದಾದರೂ ನಾನೇ ಕೇಳಿಸಿಕೊಳ್ಳುತ್ತೇನೆ. ನಿನಗೆ ಆಗುತ್ತದಾ ಅಂತ ಅವರು ಕೇಳಿದಾಗ ನಾನೇ ಉತ್ತರ ಕೊಡುತ್ತೇನೆ. ಹಿಂದೆ ನೂರು ಜನ ಟೋಕನ್ ಹಿಡಿದು ಬೈದರೂ ನನ್ನ ಶಬ್ದ ಬರುವ ತನಕ ಆ ಸ್ಟೂಲಿನಿಂದ ಏಳುವುದಿಲ್ಲ.

ಈಗ ನೀನು ಒಳಗಿನಿಂದ ಕೇಳುತ್ತಿದ್ದೀ: "ಯೋಗಿ, ಚಟ್ನಿ ಹಾಕ್ಲಾ? ತಿಂದು ಹೊರಡುವ, ಹತ್ತು ನಿಮಿಷ. ನಾನು ಲೀವು ಹಾಕಿದ್ದೇನೆ, ಜೊತೆಗೆ ಬರ್ತೇನೆ."

ಬರಬೇಡ. ನಿನಗೆ ಲೀವು ಉಂಟಲ್ಲ, ಆತ್ರಾಡಿಗೆ ಹೋಗು. ಎಡ್ಮಂಡಣ್ಣ ಹತ್ತು ಗಂಟೆಯ ತನಕ ಮನೆಯಲ್ಲಿರುತ್ತಾನೆ. ಅವನಿಗೆ ಹೇಳಿ ಬಂದ ದಿನ ನಾನು ಈ ಮನೆಗೆ ಬರುತ್ತೇನೆ, ದೋಸೆಯೂ ತಿನ್ನುತ್ತೇನೆ. ಅಲ್ಲಿಯ ತನಕ ನನಗೆ ಅಕ್ಕ ಇಲ್ಲ.

ಇದನ್ನು ಬಾಯಲ್ಲಿ ಹೇಳಲು ಹೊರಟರೆ ನಾನು ತಡವರಿಸುತ್ತೇನೆ, ನೀನು ನಡುವೆ ಬಂದು ಮಾತು ಮುಗಿಸುತ್ತೀ, ಅಳುತ್ತೀ, ನಾನು ಕೂತು ದೋಸೆ ತಿನ್ನುತ್ತೇನೆ. ಹಾಗಾಗಿ ಹಾಳೆಯನ್ನು ನೀರಿನ ಜಗ್ಗಿನ ಅಡಿ ಇಟ್ಟಿದ್ದೇನೆ. ಚಪ್ಪಲಿ ಹಾಕಿ ಆಯ್ತು. ನಿನ್ನ ಮನೆಯ ಬಾಗಿಲನ್ನು ಮೆಲ್ಲ ಎಳೆದರೂ ಮುಚ್ಚುತ್ತದೆ, ಗೊತ್ತುಂಟು. ಮೆಲ್ಲ ಎಳೆಯುವುದಿಲ್ಲ. ಎದುರು ಮನೆಯವರೂ ಹೊರಗೆ ಬಂದು ನೋಡುವಷ್ಟು ಜೋರು ಬಡಿಯುತ್ತೇನೆ. ಗಾಳಿಗೆ ಅಂತ ಅವರಿಗೆ ಹೇಳಬೇಡ. ನಾನೇ ಬಡಿದದ್ದು.

ಯೋಗೀಶ